ಬೆಲ್ಲದ ಗಡಿಗೆಗೆ ನಾನೇ ತಂದ ಸಾಕ್ಷಿ

"ಆಗಸ್ಟ್ ೧೪. ಅಜ್ಜಿ ಬೆಲ್ಲದ ಗಡಿಗೆಯ ಕಥೆ ಹೇಳಿದರು. ಬರೆದುಕೊಂಡೆ." ಬಿ.ಎಸ್‌ಸಿ. ಎರಡನೇ ವರ್ಷದ ನನ್ನ ಡೈರಿಯಲ್ಲಿ ಹೀಗಿದೆ. ಮೊಮ್ಮಗಳ ಮೊದಲ ಹಲ್ಲು ಬಿದ್ದ ಗಳಿಗೆಯವರೆಗೆ ಎಲ್ಲವನ್ನೂ ಬರೆದಿಟ್ಟವಳು ನಾನು. ಆದರೂ ಅಮೆರಿಕದ ಸ್ಯಾನ್ ಮಟಿಯೋದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ನನ್ನನ್ನು ಬೆಚ್ಚಿಬೀಳಿಸುವಂಥದ್ದು ಏನಾದರೂ ಆಗುತ್ತದೆ. ಈ ಸಲ ಯುಗಾದಿ ನಾಟಕ.

೧. ಒಂದಕ್ಷರ ಬದಲಿಸಿಲ್ಲ

ಕಥೆ ಚಿಕ್ಕದು. ಅತ್ತೆ ಬೆಲ್ಲದ ಗಡಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಬಸುರಿ ಸೊಸೆಗೆ ಬೆಲ್ಲದ ಬಯಕೆ. ಅವಳು ಬೇಡಿಕೊಂಡಾಗ ಇರುವೆಗಳು ಬೀರುವಿನ ಸಂದಿಯಿಂದ ಚೂರುಚೂರೇ ತಂದುಕೊಡುತ್ತವೆ. ಸಿಕ್ಕಿಬಿದ್ದ ಸೊಸೆ ಅತ್ತೆಯ ಕಾಲಿಗೆ ಬೀಳುತ್ತಾಳೆ. ಅತ್ತೆ ದೊಡ್ಡ ಮನಸ್ಸು ಮಾಡಿ ಬೀಗ ತೆಗೆಯುತ್ತಾಳೆ. "ನಮ್ಮಜ್ಜಿ ಹೇಳಿದ್ದು, ಒಂದಕ್ಷರ ಬದಲಿಸಿಲ್ಲ" ಎನ್ನದೆ ನಾನು ಈ ಕಥೆ ಶುರು ಮಾಡಿದ್ದೇ ಇಲ್ಲ.

ಹನ್ನೆರಡು ವರ್ಷದ ಮೊಮ್ಮಗಳು ಇದನ್ನೇ ನಾಟಕ ಮಾಡಿಸುತ್ತೇನೆಂದಾಗ ಹಿಗ್ಗಿ, ಗೆಳತಿಯರಿಗೆಲ್ಲ ಫೋನು ಮಾಡಿದೆ. ಅವಸರ ಪಟ್ಟೆ.

೨. ಮುಷ್ಕರ

ಗರಾಜಿನಲ್ಲಿ ರಿಹರ್ಸಲ್ಲು. ಇರುವೆಗಳಾದ ಆರು ಮಕ್ಕಳು ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸುತ್ತಾ ಕೂತಿದ್ದರು.

"ಇದೇನೇ?" ಎಂದೆ ಮೊಮ್ಮಗಳಿಗೆ.

"ಗಿಲ್‌ರಾಯ್‌ನಿಂದ ಬೆಲ್ಲ ತರ್ತಿದಾರೆ ಅಜ್ಜಿ. ಫ್ರೀವೇ ಜಾಮ್."

"ಗಡಿಗೆ ಬೀರುವಿನಲ್ಲಿದೆ ಕಣೇ!"

"ಅದು ನಿನ್ನ ವರ್ಷನ್. ಇದು ರೀಟೆಲಿಂಗ್, ಕಥೇನ ಹೊಸದಾಗಿ ಹೇಳೋದು."

ಅಷ್ಟರಲ್ಲಿ ಇರುವೆಗಳು ಬೋರ್ಡು ಎತ್ತಿಕೊಂಡು ಮುಷ್ಕರ ಹೂಡಿದವು. ಸಂಬಳವಿಲ್ಲದೆ ಬೆಲ್ಲ ಹೊರುವುದಿಲ್ಲವಂತೆ! ಅವು ಸುತ್ತಿಕೊಂಡಿದ್ದ ಬಟ್ಟೆ ಎಲ್ಲೋ ನೋಡಿದ ಹಾಗಿತ್ತು. ನನ್ನ ಕಪ್ಪು ರೇಷ್ಮೆ ಸೀರೆ, ಆರು ತುಂಡು.

ನನ್ನ ಸೊಸೆ ಧಾರವಾಡದವಳು. "ನಾನ ಕೊಟ್ಟೀನ್ರಿ ಅತ್ತ್ಯಾರ. ನೀವು ಅದನ್ನ ಉಟ್ಟು ಹತ್ತು ವರ್ಷ ಆತು. ಬೇಕಾದ್ರ ಡೈರಿ ನೋಡ್ರಿ," ಎಂದಳು.

ನೋಡಿದೆ. ಹನ್ನೊಂದು.

೩. ಸಾಕ್ಷಿ

ಸೀರೆ ಹೋಗಲಿ. ನಾಟಕದ ಕೊನೆಯಲ್ಲಿ ಸೊಸೆ ಕಾಲಿಗೆ ಬೀಳಲೇ ಇಲ್ಲ!

"ಯಾಕೆ ಬೀಳ್ಬೇಕು? ಶೀ ಈಸ್ ಜಸ್ಟ್ ಹಂಗ್ರಿ," ಎಂದಳು ಮೊಮ್ಮಗಳು.

"ನಮ್ಮಜ್ಜಿಯ ಕಥೆ ಕೆಡಿಸಿದರೆ ನಾನು ಯುಗಾದಿಗೆ ಬರುವುದಿಲ್ಲ."

ಹುಡುಗಿಯ ಕಣ್ಣು ತುಂಬಿತು. ತಿಂಗಳಿಂದ ಕೂತು ಬರೆದಿದ್ದಳು. "ಓಕೆ ಅಜ್ಜಿ. ಡೈರೀಲಿ ಹೇಗಿದೆಯೋ ಹಾಗೇ ಮಾಡ್ತೀವಿ. ಓದು."

ಗೆದ್ದೆನೆಂದುಕೊಂಡು ಡೈರಿ ತಂದು ಎಲ್ಲರ ಮುಂದೆ ಗಟ್ಟಿಯಾಗಿ ಓದತೊಡಗಿದೆ. "ಅತ್ತೆ ಗಡಿಗೆಗೆ ಕೈ ಹಾಕಿದಳು. ಇರುವೆಗಳು ಕಚ್ಚಿದವು. ಅವಳು ಅಂಗಳದಲ್ಲಿ ಕುಣಿಯುತ್ತಿದ್ದಾಗ ಸೊಸೆ ಬೀಗದ ಕೈ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಗಿಯಿತು."

ನನ್ನದೇ ಅಕ್ಷರ.

"ಕಾಲಿಗೆ ಬೀಳೂದು ಎಲ್ಲೈತ್ರಿ?" ಎಂದಳು ಸೊಸೆ.

ಪುಟ ತಿರುಗಿಸಿದೆ. ಇಲ್ಲ. ಲೆಕ್ಕ ಹಾಕಿದೆ. ಕಥೆಯ ಸೊಸೆ ಕಾಲಿಗೆ ಬೀಳತೊಡಗಿದ್ದು ನನ್ನ ಮಗನ ಮದುವೆಯಾದ ಮೇಲೆ.

ಸೊಸೆ ಬಗ್ಗಿ, ಪುಟದ ಅಂಚಿನಲ್ಲಿದ್ದ ಸಣ್ಣಕ್ಷರ ಓದಿದಳು: "ಅಜ್ಜಿ ಹೇಳಿದ್ದು ಇರುವೆಯಲ್ಲ, ಇಲಿ. ಇಲಿ ಕಂಡರೆ ನನಗೆ ಅಸಹ್ಯ. ಬದಲಾಯಿಸಿದ್ದೇನೆ."

"ಅಜ್ಜಿ!" ಮೊಮ್ಮಗಳು ಕೂಗಿದಳು. "ನೀನು ಎರಡು ರೀಟೆಲಿಂಗ್ ಮಾಡಿದೀಯ!"

ಮುಷ್ಕರ ಉಳಿಯಿತು, ಫ್ರೀವೇ ಉಳಿಯಿತು, ಇರುವೆ ಕಚ್ಚುವ ಅಂತ್ಯವೂ ಸೇರಿತು. ಕುಣಿಯುವ ಅತ್ತೆಯ ಪಾತ್ರ ನನಗೇ ಬಂತು. ಇಷ್ಟು ವರ್ಷ ನಾನು ಹೇಳಿದ ಕಥೆಗೆ ಮಕ್ಕಳು ನಿದ್ದೆ ಹೋಗಿದ್ದರು. ಯುಗಾದಿಯ ದಿನ ಇಡೀ ಸಭಾಂಗಣ ನಕ್ಕಿತು.

ಕೊನೆಗೆ ನನಗೆ ಆದ ಖರ್ಚು: ಒಂದು ರೇಷ್ಮೆ ಸೀರೆ, ಕುಣಿದು ಊದಿದ ಒಂದು ಮಂಡಿ, ಮತ್ತು "ಒಂದಕ್ಷರ ಬದಲಿಸಿಲ್ಲ" ಎಂಬ ಮಾತು. ಇಲಿಯನ್ನು ವಾಪಸು ತರಲು ಮಾತ್ರ ನಾನು ಒಪ್ಪಲಿಲ್ಲ.