ಅರುಣೋದಯ ಕಪ್ಪೆಯ ಸಂರಕ್ಷಣೆ ಕುರಿತು

ಅರುಣೋದಯ ಕಪ್ಪೆಯು ಇಡೀ ಜಗತ್ತಿನಲ್ಲಿ ನಮ್ಮ ಊರಿನ ಜೌಗಿನಲ್ಲಿ ಮಾತ್ರ ವಾಸಿಸುವ ಅತ್ಯಂತ ಅಪರೂಪದ ಜೀವಿ ಎಂಬುದು ಸ್ಥಾಪಿತ ಸತ್ಯ. ಅದನ್ನು ಈವರೆಗೆ ಯಾರೂ ಕಣ್ಣಿಂದ ಕಂಡಿಲ್ಲ ಎಂಬುದು ಈ ಸತ್ಯಕ್ಕೆ ಮತ್ತಷ್ಟು ಬಲ ಕೊಡುತ್ತದೆ. ಹೋದಬಂದವರ ಕಣ್ಣಿಗೆಲ್ಲ ಬಿದ್ದರೆ ಅದೆಂಥ ಅಪರೂಪ?

ನಾನು ಜೀವಧ್ವನಿ ಗಣತಿ ಇಲಾಖೆಯ ಉಪನಿರ್ದೇಶಕ. ಹಿಂದಿನ ಕಾಲದ ವಿಜ್ಞಾನಿಗಳು ಮೊಣಕಾಲುದ್ದ ಕೆಸರಲ್ಲಿ ನಿಂತು, ಜಿಗಣೆಗೆ ರಕ್ತ ಕೊಟ್ಟು ಕಪ್ಪೆ ಎಣಿಸುತ್ತಿದ್ದರಂತೆ, ಪಾಪ. ನಾವು ಹಾಗಲ್ಲ. ಮರಮರಕ್ಕೆ ಕೇಳುಪೆಟ್ಟಿಗೆ ಕಟ್ಟಿದ್ದೇವೆ. ಪೆಟ್ಟಿಗೆ ಕೇಳಿಸಿಕೊಳ್ಳುತ್ತದೆ, ಕಂಪ್ಯೂಟರು ಇದು ಇಂಥವರ ಕೂಗು ಎಂದು ಹೇಳುತ್ತದೆ, ನಾವು ಹೌದು ಎನ್ನುತ್ತೇವೆ. ಇಲಾಖೆಯಲ್ಲಿ ಯಾರ ಬೂಟೂ ಒದ್ದೆಯಾಗುವುದಿಲ್ಲ.

ಜೌಗಿನ ಪಕ್ಕದ ಪೆಟ್ಟಿಗೆಯಲ್ಲಿ ಪ್ರತಿದಿನ ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಕೂಗು ಸಿಗತೊಡಗಿತು. ಮೊದಲು ಗಳಗಳ, ಆಮೇಲೆ ಗೊರಗೊರ, ಕೊನೆಗೊಂದು ಸಣ್ಣ ಸ್ಫೋಟ. ಕಪ್ಪೆಯ ಕುಲ, ಪ್ರಭೇದ ಹೊಸದು ಎಂದು ಕಂಪ್ಯೂಟರು ಹೇಳಿತು. ಧ್ವನಿಗಳನ್ನು ದಿನವಿಡೀ ಕೇಳುವ ನಮ್ಮ ಸಹಾಯಕಿಯನ್ನು ಕಚೇರಿಯಲ್ಲಿ ಎಲ್ಲರೂ ಕಿವಿ ಮೇಡಂ ಎನ್ನುತ್ತೇವೆ. ಆಕೆಗೊಂದು ಅನುಮಾನ.

"ಸಾರ್, ಕೊನೇಲಿ ಯಾರೋ ಉಗುಳಿದ ಹಾಗೆ ಕೇಳಿಸುತ್ತೆ."

"ಕಪ್ಪೆ ಉಗುಳಬಾರದು ಅಂತ ಎಲ್ಲಾದರೂ ಇದೆಯೇನಮ್ಮ?" ಎಂದೆ. ಆಕೆ ಹುಡುಕಿದರು. ಇರಲಿಲ್ಲ.

ಆಗ ಪುರಸಭೆಯವರು ಜೌಗಿಗೆ ಮಣ್ಣು ತುಂಬಿ ಬಸ್ಸು ನಿಲ್ಲಿಸುವ ಜಾಗ ಮಾಡಲು ಹೊರಟಿದ್ದರು. ಅಲ್ಲಿ ಕೊಕ್ಕರೆ, ನೀರುಕೋಳಿ, ಆಮೆ, ಲೆಕ್ಕವಿಲ್ಲದಷ್ಟು ಕಪ್ಪೆ ಇದ್ದವು, ನಿಜ. ಆದರೆ ಅವೆಲ್ಲ ಸಾಮಾನ್ಯ ವರ್ಗದವು. ಸಾಮಾನ್ಯ ಕಪ್ಪೆಗೆ ಬೇರೆ ಕಡೆ ಹೋಗಿ ಬದುಕುವ ಪೂರ್ಣ ಸ್ವಾತಂತ್ರ್ಯವಿದೆ ಎಂದು ಪುರಸಭೆ ಹೇಳಿತ್ತು. ನಾವೂ ಅಡ್ಡಿಯಿಲ್ಲ ಎಂದಿದ್ದೆವು. ಹೊಸ ಕಪ್ಪೆ ಸಿಕ್ಕ ಕೂಡಲೇ ಲಾರಿಗಳು ಹಿಂದಕ್ಕೆ ಹೋದವು. ನಮ್ಮ ನಿರ್ದೇಶಕರು ಅದಕ್ಕೆ ಅರುಣೋದಯ ಕಪ್ಪೆ ಎಂದು ಹೆಸರಿಟ್ಟರು. ಜೌಗಿನ ಬಾಗಿಲಲ್ಲಿ ಅದರ ಸಿಮೆಂಟಿನ ಪ್ರತಿಮೆ ಎದ್ದಿತು. ನೋಡಲು ಹೇಗಿರಬೇಕು ಎಂದು ಶಿಲ್ಪಿ ಕೇಳಿದಾಗ ನಿರ್ದೇಶಕರು "ಗಂಭೀರವಾಗಿರಲಿ" ಎಂದಿದ್ದರು. ಅದು ಈಗ ಕನ್ನಡಕವಿಲ್ಲದ ನಿರ್ದೇಶಕರಂತೆಯೇ ಇದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನಾವು ಮಾತಾಡಬಾರದು.

ಒಂದು ದಿನ ಪೆಟ್ಟಿಗೆಯ ಬ್ಯಾಟರಿ ಬದಲಿಸಲು ಕಿವಿ ಮೇಡಂ ಬೆಳಗ್ಗೆಯೇ ಹೋಗಿದ್ದರು. ಬಂದವರೇ ಮುಖ ಬಿಳುಚಿಕೊಂಡು ನನ್ನ ಮೇಜಿನ ಮುಂದೆ ಕೂತುಬಿಟ್ಟರು.

"ಸಾರ್, ಕಪ್ಪೆ ನೋಡಿದೆ."

"ಶಹಬ್ಬಾಸ್! ಹೇಗಿದೆ?"

"ಬನಿಯನ್ನು ಹಾಕ್ಕೊಂಡಿದೆ."

ಮರುದಿನ ನಾನೇ ಹೋದೆ. ಜೌಗಿಗೆ ಅಂಟಿಕೊಂಡಂತೆ ಒಂದು ಗೋಡೆ, ಗೋಡೆಯಾಚೆ ಹಿತ್ತಲು, ಹಿತ್ತಲಲ್ಲಿ ನಲ್ಲಿ. ನಲ್ಲಿಯ ಮುಂದೆ ನಿವೃತ್ತ ಡ್ರಿಲ್ ಮೇಷ್ಟ್ರು ನಿಂತಿದ್ದರು. ಸ್ಟೀಲ್ ಲೋಟದಿಂದ ಬಿಸಿ ಉಪ್ಪುನೀರು ಬಾಯಿಗೆ ಸುರಿದುಕೊಂಡು, ಆಕಾಶ ನೋಡಿ, ಕಣ್ಣುಮುಚ್ಚಿ ಗಂಟಲು ಮುಕ್ಕಳಿಸಿದರು. ಗಳಗಳ, ಗೊರಗೊರ, ಸ್ಫೋಟ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮೇಷ್ಟ್ರ ಗಂಟಲು ಜೀವಮಾನವಿಡೀ ಮಕ್ಕಳಿಗೆ ಎಡ-ಬಲ ಕೂಗಿ ಕೂಗಿ ಕೆಟ್ಟಿತ್ತು. ಅವರು ಮುಕ್ಕಳಿಸುವಷ್ಟು ಹೊತ್ತು ಜೌಗಿನ ನಿಜವಾದ ಕಪ್ಪೆಗಳು ಗೌರವದಿಂದ ಸುಮ್ಮನಿದ್ದವು.

"ಯಾರ್ರೀ ಅದು, ಬೆಳಗಾಗೆದ್ದು ಗೋಡೆ ಮೇಲೆ ಕತ್ತು ಇಟ್ಕೊಂಡು?" ಎಂದು ಮೇಷ್ಟ್ರ ಹೆಂಡತಿ ಪೊರಕೆ ಸಮೇತ ಬಂದರು. ನಾನು ಇಲಾಖೆಯವನೆಂದೆ.

"ಒಳ್ಳೇದಾಯ್ತು, ನೀವಾದರೂ ಹೇಳಿ ಇವರಿಗೆ. ಗಂಟಲಲ್ಲಿ ಗಂಟು ಬೆಳೀತಿದೆ. ಬೇಗ ತೆಗೆಸಿ, ಬಿಟ್ಟರೆ ಕೆಟ್ಟದಕ್ಕೆ ತಿರುಗುತ್ತೆ ಅಂತ ಡಾಕ್ಟರು ಹೇಳಿ ಎಷ್ಟು ದಿನ ಆಯ್ತು. ಈ ಮನುಷ್ಯ ಉಪ್ಪುನೀರಲ್ಲೇ ಕರಗಿಸ್ತೀನಿ ಅಂತಾರೆ. ಕಲ್ಲುಸಕ್ಕರೇನಾ ಅದು, ಕರಗೋಕೆ?"

"ಹೆದರಿಕೆ ಕಣೇ," ಎಂದರು ಮೇಷ್ಟ್ರು. ಹೆಂಡತಿಯ ಮುಂದೆ ಇಷ್ಟು ಸಲೀಸಾಗಿ ಹೆದರಿಕೆ ಒಪ್ಪಿಕೊಳ್ಳುವವರನ್ನು ನಾನು ಕಂಡಿರಲಿಲ್ಲ. ಅಮ್ಮನವರು ಪೊರಕೆ ಕೆಳಗಿಟ್ಟು ಅವರ ಬೆನ್ನು ಸವರಿದರು. "ನಾನಿರ್ತೀನಲ್ಲ ಪಕ್ಕದಲ್ಲಿ. ಮುಂದಿನ ವಾರ ಹೋಗೋದು, ಅಷ್ಟೇ."

ನಾನು ಅಲ್ಲೇ ಲೆಕ್ಕ ಹಾಕಿದೆ. ಗಂಟು ತೆಗೆದರೆ ಗೊರಗೊರ ಹೋಗುತ್ತದೆ. ಗೊರಗೊರ ಹೋದರೆ ಒಂದು ಪ್ರಭೇದವೇ ಭೂಮಿಯ ಮೇಲಿಂದ ಅಳಿಯುತ್ತದೆ, ಅದರ ಹಿಂದೆಯೇ ಲಾರಿಗಳು ಬರುತ್ತವೆ, ಅದರ ಹಿಂದೆ ನಮ್ಮ ಇಲಾಖೆಯೂ ಹೋಗುತ್ತದೆ.

ತುರ್ತು ಸಭೆ ಸೇರಿತು. ನಮ್ಮ ಸಭೆಯೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ, ಒಬ್ಬರು ಕೂತರೆ ಇನ್ನೊಬ್ಬರು ಎದ್ದು ಹೋಗುತ್ತಾರೆ. ತಪ್ಪಾಯಿತೆಂದು ಒಪ್ಪಿಕೊಂಡು, ಸಾಮಾನ್ಯ ಕಪ್ಪೆಗಳಿಗಾಗಿಯೇ ಜೌಗು ಉಳಿಸಬಾರದೇಕೆ ಎಂದು ಕಿವಿ ಮೇಡಂ ಕೇಳಿದರು. ಸಾಮಾನ್ಯ ಕಪ್ಪೆ ಉಳಿಸಲು ಕಾರಣವೇನೆಂದು ನಿರ್ದೇಶಕರು ಮರುಪ್ರಶ್ನೆ ಹಾಕಿದರು. "ಅವು ಬದುಕಿವೆ ಸಾರ್," ಎಂದರು ಮೇಡಂ. ಅದು ಕಾರಣಗಳ ಪಟ್ಟಿಯಲ್ಲಿ ಬರುವುದಿಲ್ಲವೆಂದು ತಿಳಿಹೇಳಲಾಯಿತು. ಕೊನೆಗೆ ನಿರ್ದೇಶಕರೇ ದಾರಿ ತೋರಿಸಿದರು. ಕೂಗು ಕಪ್ಪೆಯದೆಂದು ಈಗಾಗಲೇ ತೀರ್ಮಾನವಾಗಿದೆ, ಅದನ್ನು ಬದಲಿಸಲಾಗದು. ಕೂಗು ಮೇಷ್ಟ್ರ ಗಂಟಲಿಂದ ಬರುತ್ತಿದೆ, ಅದನ್ನೂ ಅಲ್ಲಗಳೆಯಲಾಗದು. ಆದ್ದರಿಂದ ಮೇಷ್ಟ್ರ ಗಂಟಲು ಆ ಕಪ್ಪೆಯ ಆವಾಸಸ್ಥಾನ. ಎಲ್ಲರೂ ಮೇಜು ಕುಟ್ಟಿದರು. ಮರುದಿನ ಮೇಷ್ಟ್ರ ಮನೆಯ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು.

"ಸಾರ್ವಜನಿಕರ ಗಮನಕ್ಕೆ: ಈ ಮನೆಯ ಯಜಮಾನರ ಕೆಳದವಡೆಯಿಂದ ಕೊರಳಪಟ್ಟಿಯವರೆಗಿನ ಭಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಸದರಿ ಪ್ರದೇಶದಲ್ಲಿ ಕತ್ತರಿಸುವುದು, ಅಗೆಯುವುದು, ಹೊಗೆ ಹಾಕುವುದು, ಟಾರ್ಚು ಬಿಡುವುದು ನಿಷಿದ್ಧ. ಪ್ರದೇಶದ ಮಾಲೀಕರು ತಮ್ಮ ವೈಯಕ್ತಿಕ ಕೆಲಸಗಳಿಗಾಗಿ ಪ್ರದೇಶವನ್ನು ಮಿತವಾಗಿ ಬಳಸಬಹುದು."

ಮಿತ ಎಂದರೇನೆಂಬ ಬಗ್ಗೆ ಆಮೇಲೆ ವಿವರಣೆ ಹೊರಟಿತು. ಗಟ್ಟಿಯಾಗಿ ಹಾಡಬಾರದು. ಮೆಣಸಿನಕಾಯಿ ರಾಸಾಯನಿಕ ಮಾಲಿನ್ಯದಡಿ ಬರುತ್ತದೆ. ಜಲಚರಗಳ ನೆಲೆಗೆ ಬಿಸಿ ದ್ರವ ಬಿಡುವುದು ಮೊದಲಿಂದಲೂ ಅಪರಾಧವಾದ್ದರಿಂದ ಕಾಫಿಯನ್ನು ಆರಿಸಿ ಕುಡಿಯಬೇಕು. ಉಪ್ಪುನೀರಿಗೆ ಮಾತ್ರ ಸಾಂಪ್ರದಾಯಿಕ ಹಕ್ಕಿನಡಿ ವಿನಾಯಿತಿ ಸಿಕ್ಕಿತು. ಕಾವಲಿಗೆ ಇಬ್ಬರು ಪಹರೆಯವರು ಬಂದರು. ಮೇಷ್ಟ್ರು ಊಟಕ್ಕೆ ಕೂತರೆ ಅವರು ಸಾರಿನ ಬಣ್ಣ ನೋಡುತ್ತಿದ್ದರು.

ಗಂಟಲು ಡಾಕ್ಟರು ನಮ್ಮ ಕಚೇರಿಗೇ ಬಂದು ಕೂಗಾಡಿದರು. "ಮನುಷ್ಯ ಸಾಯ್ತಾನ್ರೀ!"

"ಹಾಗೆ ನೋಡಿದರೆ ಮನುಷ್ಯರ ಸಂಖ್ಯೆ ಸಮಾಧಾನಕರವಾಗಿದೆ ಡಾಕ್ಟ್ರೇ," ಎಂದರು ನಿರ್ದೇಶಕರು. ಅವರ ಮಾತಲ್ಲಿ ಕೊಂಕಿರಲಿಲ್ಲ. ಎದುರಿಗೆ ಗೋಡೆಯ ಮೇಲೆ ಜನಸಂಖ್ಯೆಯ ನಕ್ಷೆಯೇ ಇತ್ತು.

ಮೇಷ್ಟ್ರ ದನಿ ದಿನದಿಂದ ದಿನಕ್ಕೆ ಒರಟಾಯಿತು. ಅನ್ನ ನುಂಗಲು ಕಷ್ಟವಾಗಿ ಗಂಜಿಗೆ ಇಳಿದರು. ಕೂಗಿನ ಗುಣಮಟ್ಟ ಗಣನೀಯವಾಗಿ ಸುಧಾರಿಸುತ್ತಿದೆ ಎಂದು ನಾವು ಮೇಲಿನವರಿಗೆ ವರದಿ ಮಾಡಿದೆವು.

ಹೀಗಿರುವಾಗ ಒಂದು ಬೆಳಗ್ಗೆ ಹಿತ್ತಲು ನಿಶ್ಶಬ್ದವಾಗಿತ್ತು. ಅಮ್ಮನವರು ಗಂಡನ ಕೊರಳಿಗೆ ಮಫ್ಲರು ಸುತ್ತಿ, ಪಹರೆಯವರ ಕಣ್ಣು ತಪ್ಪಿಸಿ ಪಕ್ಕದೂರಿನ ಆಸ್ಪತ್ರೆಗೆ ಹೊರಟುಬಿಟ್ಟಿದ್ದರು. ನಮ್ಮ ಇಲಾಖೆಯ ಕಾವಲು ದಳ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ತಡೆಯಿತು. ಸಂರಕ್ಷಿತ ಆವಾಸಸ್ಥಾನವನ್ನು ಬಟ್ಟೆಯಲ್ಲಿ ಮುಚ್ಚಿ ಊರಾಚೆ ಸಾಗಿಸುವುದು ವನ್ಯಜೀವಿ ಕಳ್ಳಸಾಗಣೆ. ನಾನು ಹೋಗುವಷ್ಟರಲ್ಲಿ ಜನ ಇರುವೆಯ ಹಾಗೆ ಮುತ್ತಿದ್ದರು. ಮೇಷ್ಟ್ರು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅಮ್ಮನವರು ನಿಂತಿದ್ದರು.

"ಏನಮ್ಮ ಇದು, ತಿಳಿದವರಾಗಿ ಕಳ್ಳಸಾಗಣೆ?" ಎಂದೆ.

"ನನ್ನ ಗಂಡನ್ನ ನಾನು ಕರ್ಕೊಂಡು ಹೋದರೆ ಕಳ್ಳತನವೇನಪ್ಪಾ?"

"ಗಂಡನನ್ನು ಕರೆದುಕೊಂಡು ಹೋಗಿ, ನಮ್ಮ ಅಭ್ಯಂತರವಿಲ್ಲ. ಗಂಟಲು ಬಿಟ್ಟು ಹೋಗಿ."

ಅಮ್ಮನವರು ನನ್ನನ್ನೇ ದಿಟ್ಟಿಸಿದರು. ಹಾಗೆ ನೋಡಿಸಿಕೊಳ್ಳುವುದು ನನ್ನ ಹುದ್ದೆಯವರಿಗೆ ಸಲ್ಲದು, ನನಗೆ ಸಿಟ್ಟು ಬಂತು. ಆಮೇಲೆ ಅವರು ಕೇಳಿದರು: "ನಿಮಗೆ ಬೇಕಾಗಿರೋದು ಆ ಗೊರಗೊರ ತಾನೆ? ಅವರದ್ದೇ ಆಗಬೇಕಾ?"

ಈ ಪ್ರಶ್ನೆಯನ್ನು ಇಲಾಖೆಯಲ್ಲಿ ಯಾರೂ ಕೇಳಿರಲಿಲ್ಲ. ಅಮ್ಮನವರು ಚೀಲದಿಂದ ನೀರಿನ ಬಾಟಲಿ ತೆಗೆದರು. ಬಾಯಿ ತುಂಬಾ ನೀರು ತುಂಬಿಕೊಂಡು, ಅಷ್ಟೂ ಜನರ ನಡುವೆ ಕತ್ತು ಹಿಂದಕ್ಕೆ ಚೆಲ್ಲಿ ಶುರುಮಾಡಿದರು. ಗಳಗಳ, ಗೊರಗೊರ, ಸ್ಫೋಟ. ಸ್ಫೋಟವು ನನ್ನ ಬೂಟಿನ ಮೇಲಾಯಿತು. ಇಲಾಖೆಯ ಇತಿಹಾಸದಲ್ಲಿ ಒದ್ದೆಯಾದ ಮೊದಲ ಬೂಟು ಅದು.

"ಮದುವೆಯಾದಾಗಿಂದ ದಿನಾ ಕೇಳ್ತಾ ಇದೀನಿ, ಬಾಯಿಪಾಠ ಆಗಿದೆ," ಎಂದರು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. ಮೇಷ್ಟ್ರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಅವರ ಕಣ್ಣು ತುಂಬಿತ್ತು. ನನ್ನ ಜೊತೆ ಬಂದಿದ್ದ ಕಿವಿ ಮೇಡಂ ಒಂದು ಪೆಟ್ಟಿಗೆ ತಂದು ಅದಕ್ಕೆ ಇನ್ನೊಮ್ಮೆ ಕೇಳಿಸಿದರು. ಕಂಪ್ಯೂಟರು ತಡಮಾಡದೆ ಅರುಣೋದಯ ಕಪ್ಪೆ ಎಂದಿತು, ಹೆಣ್ಣು ಎಂದೂ ಸೇರಿಸಿತು.

ಕಾಡು ಕಡಿದವರು ಬೇರೆಡೆ ಸಸಿ ನೆಟ್ಟರೆ ಸಾಕೆಂಬ ನಿಯಮ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಅದನ್ನೇ ಗಂಟಲಿಗೂ ಅನ್ವಯಿಸಲಾಯಿತು. ಮೇಷ್ಟ್ರ ಗಂಟಲನ್ನು ಪಟ್ಟಿಯಿಂದ ಕೈಬಿಟ್ಟು, ಪರಿಹಾರಾತ್ಮಕವಾಗಿ ಅಮ್ಮನವರ ಗಂಟಲನ್ನು ಸೇರಿಸಿದೆವು. ಮೇಷ್ಟ್ರು ಆಸ್ಪತ್ರೆಗೆ ಹೋಗಬಹುದು, ಅಮ್ಮನವರು ಊರು ಬಿಡುವಂತಿಲ್ಲ.

"ಪಕ್ಕದಲ್ಲಿ ಇರ್ತೀನಿ ಅಂತ ಮಾತು ಕೊಟ್ಟಿದೀನಿ," ಎಂದರು ಅಮ್ಮ.

"ಒಂದು ಬೆಳಗ್ಗೆ ಕೂಗು ನಿಂತರೂ ಸಾಕು, ಪುರಸಭೆಯ ಲಾರಿ ಕಾಯುತ್ತಿದೆ," ಎಂದೆ. "ಪಕ್ಕದಲ್ಲಿ ನಮ್ಮ ಪಹರೆಯವರು ಇರುತ್ತಾರೆ. ಇಬ್ಬರೂ ನಂಬಿಗಸ್ತರು."

ಮೇಷ್ಟ್ರು ಒಬ್ಬರೇ ಬಸ್ಸು ಹತ್ತಿದರು. ಕಿಟಕಿಯಿಂದ ಏನೋ ಹೇಳಲು ಹೋದರು, ದನಿ ಹೊರಡಲಿಲ್ಲ. "ಹೆದರಬೇಡಿ ಅಂದ್ರೆ!" ಎಂದು ಅಮ್ಮ ಬಸ್ಸಿನ ಜೊತೆಗೇ ಸ್ವಲ್ಪ ದೂರ ಓಡಿದರು. ಸಂರಕ್ಷಿತ ಪ್ರದೇಶ ಏದುಸಿರು ಬಿಡಬಾರದೆಂದು ದಳದವರು ಅವರನ್ನು ನಿಲ್ಲಿಸಿದರು.

ಶಸ್ತ್ರಚಿಕಿತ್ಸೆಯ ದಿನ ಬೆಳಗ್ಗೆ ಅಮ್ಮನವರು ನಿಯಮದಂತೆ ನಲ್ಲಿಯ ಮುಂದೆ ನಿಂತರು. ಗಳಗಳ ಸರಿಯಾಗಿ ಬಂತು. ಗೊರಗೊರದಲ್ಲಿ ದನಿ ಮುರಿಯಿತು. ನೀರು ಬಾಯಲ್ಲಿರುವಾಗಲೇ ಅವರು ಅತ್ತುಬಿಟ್ಟರು, ಗೋಡೆಗೆ ಕೈಕೊಟ್ಟು, ನೀರೂ ಅಳುವೂ ಒಂದಾಗಿ. ಕಿವಿ ಮೇಡಂ ಕಚೇರಿಯಲ್ಲಿ ಕಿವಿಗೆ ಹಾಕಿಕೊಂಡಿದ್ದನ್ನು ಕಿತ್ತಿಟ್ಟು ಹೊರಗೆ ಎದ್ದುಹೋದರು. ಕಂಪ್ಯೂಟರು ಮಾತ್ರ ಕೊನೆಯವರೆಗೆ ಕೇಳಿ ಹೀಗೆಂದಿತು: ಕಪ್ಪೆಯ ಕುಲ, ಹೊಸ ಪ್ರಭೇದ, ಈ ಹಿಂದೆ ಎಲ್ಲೂ ದಾಖಲಾಗಿಲ್ಲ.

ನಿರ್ದೇಶಕರು ಕಚೇರಿಗೆಲ್ಲ ಸಿಹಿ ಹಂಚಿದರು. ಒಂದೇ ಜೌಗಿನಲ್ಲಿ ಎರಡು ಅಪರೂಪದ ಕಪ್ಪೆ! ಮೇಲಿನವರಿಂದ ಅಭಿನಂದನೆ ಬಂತು. ಪುರಸಭೆಯವರು ಬಸ್ಸಿನ ಆಸೆ ಬಿಟ್ಟು ಎರಡನೇ ಪ್ರತಿಮೆಗೆ ಸಿಮೆಂಟು ಕಳಿಸಿದರು.

ಮೇಷ್ಟ್ರ ಗಂಟು ಸುರಕ್ಷಿತವಾಗಿ ಹೊರಬಂತು. ಗಾಯ ಮಾಯ್ದಿದೆ, ಇನ್ನು ಮನೆಗೆ ಕಳಿಸುತ್ತೇವೆ ಎಂದು ಆಸ್ಪತ್ರೆಯವರು ತಿಳಿಸಿದಾಗ ಸಭೆ ಗಂಭೀರವಾಯಿತು. ಎರಡನೇ ಪ್ರಭೇದವು ಮೇಷ್ಟ್ರ ಗೈರುಹಾಜರಿಯಲ್ಲಿ ಮಾತ್ರ ಕೂಗುತ್ತದೆ ಎಂಬುದು ಅಷ್ಟರಲ್ಲಿ ಸಿದ್ಧವಾಗಿತ್ತು. ಅವರು ಮನೆಗೆ ಬಂದರೆ ಅದು ಅಳಿಯುವ ಅಪಾಯವಿದೆ. ಹೀಗಾಗಿ ಮೇಷ್ಟ್ರನ್ನು ಪಕ್ಕದೂರಿನಲ್ಲೇ, ಒಳ್ಳೆಯ ಗಾಳಿ ಬೆಳಕಿನ ಕೋಣೆಯಲ್ಲಿ ಇರಿಸಲು ಒಮ್ಮತದಿಂದ ತೀರ್ಮಾನಿಸಲಾಯಿತು. ಡಾಕ್ಟರು ಈ ಸಲ ಕೂಗಾಡಲಿಲ್ಲ. ನಮ್ಮ ಸಲಹಾ ಸಮಿತಿಗೆ ಸೇರಿದ ಮೇಲೆ ಅವರಿಗೆ ವಿಷಯ ಅರ್ಥವಾಗಿತ್ತು.

ತೀರ್ಮಾನವನ್ನು ಅಮ್ಮನವರಿಗೆ ತಿಳಿಸಲು ನಾನೇ ಹೋದೆ. ಅವರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು.

"ಅವರು ಬಂದರೆ ನಾನು ಅಳಲ್ಲ ಅಂತ ಯಾರು ಹೇಳಿದ್ದು ನಿಮಗೆ? ಒಂದು ಸಲ ಕರ್ಕೊಂಡು ಬಂದು ನೋಡಿ. ಇದರ ಎರಡರಷ್ಟು ಅಳ್ತೀನಿ."

ಇದು ವೈಜ್ಞಾನಿಕವಾಗಿ ಮಹತ್ವದ ಅಂಶವೆಂದು ಉಪಸಮಿತಿ ಒಪ್ಪಿತು. ಸಂತೋಷದ ಅಳು ಮೂರನೆಯ ಪ್ರಭೇದವಾಗಿರುವ ಸಾಧ್ಯತೆ ಇದೆ. ಅದನ್ನು ಪರೀಕ್ಷಿಸಲು ಮೇಷ್ಟ್ರನ್ನು ವರ್ಷಕ್ಕೊಂದು ಬೆಳಗ್ಗೆ, ಪಹರೆಯಲ್ಲಿ, ಹಿತ್ತಲವರೆಗೆ ಕರೆತರಲು ಮಂಜೂರಾತಿ ದೊರೆತಿದೆ. ಮೇಷ್ಟ್ರು ತಲೆಯಾಡಿಸಿ ಒಪ್ಪಿದ್ದಾರೆ. ಅಮ್ಮನವರೂ ಒಪ್ಪಿದ್ದಾರೆ. ಅವರು ಕೇಳಿದ್ದು ಒಂದೇ ಮಾತು, ಯಾವ ಬೆಳಗ್ಗೆ ಅಂತ ಮೊದಲೇ ಹೇಳಿ, ಅವರ ಹಾಸಿಗೆ ಬಿಸಿಲಿಗೆ ಹಾಕಬೇಕು ಎಂದು.

ತಿಳಿಸುತ್ತೇವೆ ಎಂದಿದ್ದೇವೆ.