ಗಾಜಿನ ಜಾಡಿಯ ಬಸವನಹುಳುವಿಗೆ, ಈಗಿನ ವಿಳಾಸ ತಿಳಿಯದ ಕಾರಣ ಬಹಿರಂಗವಾಗಿ

ಎರಡನೇ ತರಗತಿ ‘ಬಿ’ ವಿಭಾಗದ ಕಿಟಕಿ ಪಕ್ಕದ ಗಾಜಿನ ಜಾಡಿಯಲ್ಲಿ ಈಚಿನವರೆಗೆ ವಾಸವಾಗಿದ್ದ ಮಾನ್ಯ ಬಸವನಹುಳುವೇ,

ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ಪತ್ರಗಳ ವಾಡಿಕೆಯಾದರೂ, ತಮ್ಮ ವಿಷಯದಲ್ಲಿ ಹಾಗೆ ನಂಬಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ಹಳೆಯ ವಿಳಾಸದಲ್ಲಿ, ಅಂದರೆ ತಮ್ಮ ಚಿಪ್ಪಿನಲ್ಲಿ, ತಾವಿಲ್ಲ ಎಂಬುದನ್ನು ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಟಾರ್ಚ್ ಹಾಕಿ ಖುದ್ದಾಗಿ ನೋಡಿದ್ದೇನೆ. ಹೊಸ ವಿಳಾಸವನ್ನು ತಾವು ಯಾರಿಗೂ ಬಿಟ್ಟುಹೋಗಿಲ್ಲ. ಹೀಗಾಗಿ ನನ್ನ ದೂರನ್ನು ಎಲ್ಲರೆದುರು ಹೇಳಬೇಕಾಗಿ ಬಂದಿದೆ. ದಾಕ್ಷಿಣ್ಯದ ಸ್ವಭಾವದವರಾದ ತಾವು ಮನ್ನಿಸಬೇಕು.

ನಾನು ಆ ತರಗತಿಯ ಹಾಜರಿ ಪುಸ್ತಕದಲ್ಲಿ ಹದಿಮೂರನೆಯವಳಾದ ಹುಡುಗಿಯ ತಾಯಿ. ಮನೆಯಲ್ಲಿ ಔಷಧಿ ಬಾಟಲಿಯ ಚೀಟಿಯಿಂದ ಹಿಡಿದು ಸೋಪಿನ ಪೊಟ್ಟಣದವರೆಗೆ ಎಲ್ಲವನ್ನೂ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುವ ಈ ಮಗು, ತರಗತಿಯೊಳಗೆ ಕಾಲಿಟ್ಟ ಮೇಲೆ ಆರು ತಿಂಗಳಲ್ಲಿ ಒಂದು ಮಾತೂ ಆಡಿರಲಿಲ್ಲ. ಹೆಸರು ಕರೆದರೆ ಕೈ ಎತ್ತುತ್ತಾಳೆ, ಬಾಯಿ ತೆರೆಯುವುದಿಲ್ಲ. ಇದಕ್ಕೆ ಟೀಚರ್ ಕಂಡುಕೊಂಡ ಮದ್ದು ತಾವು. ಪ್ರತಿ ಶುಕ್ರವಾರ ತಮ್ಮ ಜಾಡಿಯನ್ನೂ ಒಂದು ಗೆರೆಪುಸ್ತಕವನ್ನೂ ಒಬ್ಬೊಬ್ಬ ಮಗುವಿನ ಮನೆಗೆ ಕಳಿಸುವುದು, ಎರಡು ದಿನ ತಾವು ಏನು ಮಾಡಿದಿರೆಂದು ಮಗು ಗಮನಿಸಿ ಬರೆಯುವುದು, ಸೋಮವಾರ ಎಲ್ಲರ ಮುಂದೆ ನಿಂತು ಆ ಪುಟವನ್ನು ಓದುವುದು, ಇದು ‘ವಾರದ ಅತಿಥಿ’ ಎಂಬ ಚಟುವಟಿಕೆ. ನಿಯಮ ಒಂದೇ: ಮುಟ್ಟಬಾರದು, ಅತಿಥಿಗೆ ಸಂಕೋಚ. ನಮ್ಮ ಸರದಿ ಬಂದಾಗ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ಈ ಸೋಮವಾರವೂ ಅವಳು ಓದದಿದ್ದರೆ ಮುಂದಿನ ವರ್ಷಕ್ಕೆ ಅವಳನ್ನು ಬೇರೆ ವಿಭಾಗದಲ್ಲಿ, ಗೆಳತಿಯರಿಲ್ಲದ ಕಡೆ ಕೂರಿಸುವ ಯೋಚನೆ ಮೇಲಿನವರಿಗಿದೆ ಎಂದು ಮೆತ್ತಗೆ ತಿಳಿಸಿದ್ದರು.

ಇಷ್ಟು ದೊಡ್ಡ ಜವಾಬ್ದಾರಿಯನ್ನು ಹೊತ್ತವರು ತಾವು. ಅಂಥವರು ಹೇಳದೆ ಕೇಳದೆ ಹೊರಟುಹೋಗಬಹುದೇ?

ತಾವು ಹೊರಟ ದಿನವನ್ನು ಪತ್ತೆಮಾಡಲು ನಾನು ಗೆರೆಪುಸ್ತಕವನ್ನು ಮೊದಲಿನಿಂದ ಓದಿದೆ. ಮೊದಲ ಪುಟದಲ್ಲಿ ದರ್ಜಿಯವರ ಮಗಳು, “ಸೌತೆಕಾಯಿ ತಿಂತು. ಎರಡು ತೂತು. ಹಸಿರು ಕಕ್ಕ ಮಾಡಿತು” ಎಂದು ಬರೆದಿದ್ದಾಳೆ. ಎರಡನೆಯದರಲ್ಲಿ ಕ್ಯಾರೆಟ್, ಮತ್ತು ಅದಕ್ಕೆ ತಕ್ಕ ಕಿತ್ತಳೆ ಬಣ್ಣ. ಮೂರನೆಯದರಲ್ಲಿ “ಇವತ್ತು ಹಸಿವಿಲ್ಲ” ಎಂಬ ಒಂದೇ ಸಾಲು. ನಾಲ್ಕನೆಯ ಪುಟದಿಂದ ತಾವು ಏನನ್ನೂ ತಿಂದಿಲ್ಲ, ಏನನ್ನೂ ವಿಸರ್ಜಿಸಿಲ್ಲ. ಆದರೆ ಅಲ್ಲಿಂದಾಚೆಗಿನ ತಮ್ಮ ಲವಲವಿಕೆಯನ್ನು ಬಣ್ಣಿಸಲು ಪದಗಳು ಸಾಲವು. ದಂತವೈದ್ಯರ ಮನೆಯಲ್ಲಿ ತಾವು ಪಿಯಾನೊ ಕೇಳಿ ತಲೆದೂಗಿದ್ದೀರಿ. ಔಷಧಿ ಅಂಗಡಿಯವರೊಂದಿಗೆ ಸಮುದ್ರ ನೋಡಿಕೊಂಡು ಬಂದಿದ್ದೀರಿ. ವಕೀಲರ ಮನೆಯಲ್ಲಿ ಇಪ್ಪತ್ತರವರೆಗೆ ಎಣಿಸಲು ಕಲಿತು, ತಪ್ಪಿದಾಗ ನಾಚಿಕೊಂಡಿದ್ದೀರಿ. ಅಕ್ಷರಗಳು ಪುಟದಿಂದ ಪುಟಕ್ಕೆ ದುಂಡಗಾಗುತ್ತ, ಅಲ್ಪವಿರಾಮಗಳು ಜಾಗ ತಪ್ಪದೆ ಬೀಳುತ್ತ, ಏಳು ವರ್ಷದ ಮಕ್ಕಳು “ಅವಿಸ್ಮರಣೀಯ” ಎಂದು ತಪ್ಪಿಲ್ಲದೆ ಬರೆಯುವುದನ್ನು ಕಂಡು ನನಗೆ ಶಿಕ್ಷಣದ ಮೇಲೆ ಗೌರವ ಹೆಚ್ಚಿತು. ಈ ಪ್ರತಿಯೊಂದು ಪುಟದ ಕೆಳಗೂ ಕೆಂಪು ಶಾಯಿಯಲ್ಲಿ “ಎಷ್ಟು ಚುರುಕು!” ಎಂಬ ಟೀಚರ್ ಅವರ ಮೆಚ್ಚುಗೆಯಿದೆ. ಜೀವವಿದ್ದಾಗ ತಮಗೆ ಸಿಗದಿದ್ದ ಬಿರುದು ಇದು.

ನಡೆದದ್ದಿಷ್ಟೇ ಎಂದು ನನ್ನ ಊಹೆ: ತಾವು ತೀರಿಕೊಂಡದ್ದು ತಂತಮ್ಮ ಮನೆಯಲ್ಲೇ ಎಂದು ಪ್ರತಿಯೊಂದು ಮನೆಯವರೂ ತಿಳಿದರು, ಹಿಂದಿನವರ ಪುಟ ಓದಿ, ಪಾಪ, ಅವರಲ್ಲಿ ಪಿಯಾನೊ ಕೇಳಿದ ಪ್ರಾಣಿ ನಮ್ಮಲ್ಲಿ ಹೀಗಾಯಿತಲ್ಲ ಎಂದು ಹೆದರಿ, ತಮ್ಮನ್ನು ಇನ್ನಷ್ಟು ದೂರ ಓಡಾಡಿಸಿದರು.

ನಮ್ಮಲ್ಲೂ ಬೇರೆಯೇನೂ ಆಗಲಿಲ್ಲ. ಶನಿವಾರವಿಡೀ ಮಗಳು ಜಾಡಿಯ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಳು. ನಮ್ಮತ್ತೆ ಎರಡು ಸಲ ಬಂದು ನೋಡಿ, ಮನೆಗೆ ಬಂದ ನೆಂಟ ಮುಖ ತೋರಿಸದಿದ್ದರೆ ಅದು ಮನೆಯವರ ತಪ್ಪಲ್ಲ ಎಂದು ತೀರ್ಪು ಕೊಟ್ಟರು. ಭಾನುವಾರ ನಾನು ನಿಯಮ ಮುರಿದು ಚಿಪ್ಪನ್ನು ಅಂಗೈಮೇಲೆ ಇಟ್ಟುಕೊಂಡು ಟಾರ್ಚ್ ಹಾಕಿದೆ. ಒಳಗಿನ ಸುತ್ತುಮೆಟ್ಟಿಲು ಗುಡಿಸಿಟ್ಟಂತೆ ಸ್ವಚ್ಛವಾಗಿತ್ತು.

ನಮ್ಮ ಮನೆಯವರು ತಕ್ಷಣ ಗಿಡ ಮಾರುವವರ ತೋಟಕ್ಕೆ ಓಡಿ, ಒಂದು ಗಂಟೆ ಕುಂಡಗಳನ್ನು ಎತ್ತಿ ನೋಡಿ, ಮೊಣಕಾಲಿಗೆಲ್ಲ ಮಣ್ಣು ಮಾಡಿಕೊಂಡು, ಚಿಪ್ಪೇ ಇಲ್ಲದ ಒಂದು ಹುಳುವನ್ನು ಡಬ್ಬಿಯಲ್ಲಿ ತಂದರು. “ಇದಕ್ಕೆ ಮನೆಯಿಲ್ಲ, ಅಲ್ಲಿ ಮನೆ ಖಾಲಿ. ಸ್ವಲ್ಪ ಒಳಗೆ ತಳ್ಳಿದ್ರೆ ಆಯ್ತು” ಎಂದರು. ನಮ್ಮತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿ, “ಮದುವೆ ಸಂಬಂಧ ಕುದುರಿಸ್ತಿದ್ದೀಯೇನಪ್ಪ” ಎಂದು ಕೇಳಿ ಒಳಗೆ ಹೋದರು. ತಮ್ಮ ಕುಲಬಾಂಧವರು ಚಿಪ್ಪಿನ ಬಾಗಿಲಿನವರೆಗೆ ಹೋಗಿ, ಮೂಸಿ ನೋಡಿ, ತಿರುಗಿ ಬಂದರು. ಅವರನ್ನು ಗೌರವದಿಂದ ತೋಟಕ್ಕೆ ಬಿಟ್ಟುಬರಲಾಯಿತು.

ಇನ್ನು ಉಳಿದದ್ದು ನಾನು. ನಾಚಿಕೆಯಿಂದ ಒಪ್ಪುತ್ತೇನೆ: ಮಗಳ ಬಾಯಿ ತೆರೆಸಬೇಕೆಂಬ ಆಸೆಯಲ್ಲಿ, ಒಂದು ಬಿಡಿ ಹಾಳೆಯಲ್ಲಿ, ತಾವು ಗಾಜನ್ನು ಏರಿ ನಮ್ಮ ಬೀದಿಯನ್ನು ನೋಡುತ್ತ ಕುಳಿತ ಸಂಜೆಯನ್ನು ನಾನೂ ಬರೆದೆ. ಹೇಳಿಕೊಳ್ಳಬಾರದು, ಅದು ಪಿಯಾನೊಗಿಂತ ಚೆನ್ನಾಗಿತ್ತು. ಮಗಳು ಎರಡು ಸಲ ಓದಿ ನನಗೇ ವಾಪಸು ಕೊಟ್ಟಳು. “ಅಮ್ಮ, ಇದನ್ನ ನಾನು ನೋಡ್ಲೇ ಇಲ್ವಲ್ಲ” ಎಂದಳು. ಆಮೇಲೆ ಮೇಜಿನ ಕೆಳಗೆ ಕೂತು ಪುಸ್ತಕದಲ್ಲಿ ತಾನೇ ಏನೋ ಬರೆದಳು. ಅದನ್ನು ತೋರಿಸಲಿಲ್ಲ.

ಸೋಮವಾರ, ಓದುವ ಮಗುವಿನ ಪೋಷಕರು ತರಗತಿಯ ಹಿಂದಿನ ಗೋಡೆಗೆ ಒರಗಿ ನಿಲ್ಲಬಹುದೆಂಬ ಪದ್ಧತಿಯಂತೆ ನಾನು ನಿಂತೆ. ಮಕ್ಕಳನ್ನು ಬಿಡಲು ಬಂದ ಇತರರು ಕಿಟಕಿಯ ಹೊರಗೆ ನಿಂತರು. ಅವಳು ಮೇಜಿನ ಪಕ್ಕ ನಿಂತು, ಪುಸ್ತಕವನ್ನು ಮೂಗಿನವರೆಗೆ ಎತ್ತಿ, ಅಷ್ಟು ಹೊತ್ತು ಸುಮ್ಮನಿದ್ದಳೆಂದರೆ ಟೀಚರ್ ಪುಸ್ತಕ ತೆಗೆದುಕೊಳ್ಳಲು ಕೈ ಚಾಚಿದರು. ಆಗ ಓದಿದಳು. “ಶುಕ್ರವಾರ ಜಾಡಿ ನಮ್ಮ ಮನೆಗೆ ಬಂತು. ಶನಿವಾರ ನಾನು ತುಂಬಾ ಹೊತ್ತು ನೋಡಿದೆ. ಭಾನುವಾರ ಅಮ್ಮ ಟಾರ್ಚ್ ಹಾಕಿದಳು. ಒಳಗೆ ಯಾರೂ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಿಟಕಿಯಾಚೆ ವಕೀಲರು ಗಡಿಯಾರ ನೋಡಿಕೊಂಡರು, ದಂತವೈದ್ಯರು ಬಾಯಿ ಮುಚ್ಚಿಕೊಂಡರು. ಮುಂದಿನ ಬೆಂಚಿನಿಂದ ಔಷಧಿ ಅಂಗಡಿಯವರ ಮಗ ನಿಧಾನವಾಗಿ ಎದ್ದು, “ನಮ್ಮನೇಲೂ ಇರ್ಲಿಲ್ಲ ಮಿಸ್” ಎಂದ. ಮತ್ತೆ ಸಮುದ್ರಕ್ಕೆ ಹೋಗಿತ್ತು ಅಂತ ಓದಿದೆಯಲ್ಲೋ ಎಂದು ಟೀಚರ್ ಕೇಳಿದ್ದಕ್ಕೆ, “ಅದು ಅಪ್ಪ ಹೋಗಿದ್ದು ಮಿಸ್” ಎಂದ. ಒಂದೊಂದಾಗಿ ಎಂಟು ಕೈಗಳು ಮೇಲೆದ್ದವು. ಟೀಚರ್ ಪುಸ್ತಕದ ಕೆಂಪು ಶಾಯಿಯನ್ನೆಲ್ಲ ತಿರುವಿ ನೋಡಿ, ಕುರ್ಚಿಯಲ್ಲಿ ಕೂತು, ಹಾಗಾದರೆ ಇದು ಹೋಗಿ ಎಷ್ಟು ದಿನವಾಯಿತೋ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

“ತುಂಬಾ ದಿನ ಆಗಿರ್ಬೇಕು ಮಿಸ್,” ಎಂದಳು ನನ್ನ ಮಗಳು. “ವಾಸನೆ ಕೂಡ ಇಲ್ಲ.”

ಈ ಮಾತು ಪುಸ್ತಕದಲ್ಲಿ ಬರೆದಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆಗಳು ಇವು. ಒಂದು ದಿನದ ಮಟ್ಟಿಗೆ ಮರಳಿ ಬಂದರೂ, ತೀರಿಕೊಂಡ ದಿನ ತಾವು ಯಾರ ಮನೆಯಲ್ಲಿದ್ದಿರಿ ಎಂಬುದನ್ನು ದಯವಿಟ್ಟು ಯಾರಿಗೂ ಹೇಳದೆ ಹೋಗಬೇಕು. ಮೂರನೆಯ ಪುಟದ ಹುಡುಗ ಈಗಾಗಲೇ ಉಗುರು ಕಚ್ಚುತ್ತಿದ್ದಾನೆ. ಹಾಗೆಯೇ, ತಾವು ಬದುಕಿದ್ದರೆ ನನ್ನ ಮಗಳು ಸೌತೆಕಾಯಿಯ ತೂತುಗಳನ್ನು ಪಿಸುದನಿಯಲ್ಲಿ ಓದಿ ಕೂತುಬಿಡುತ್ತಿದ್ದಳೋ ಏನೋ ಎಂಬ ಕೆಟ್ಟ ಯೋಚನೆ ನನಗೆ ದಿನಕ್ಕೊಮ್ಮೆ ಬರುತ್ತಿದೆ, ಅದನ್ನೂ ಕ್ಷಮಿಸಬೇಕು. ದೂರು ಕೊಡಲು ಕುಳಿತವಳು ನಾನು; ಹಿಂತೆಗೆದುಕೊಳ್ಳುತ್ತಿಲ್ಲ, ಒತ್ತಾಯಿಸುತ್ತಲೂ ಇಲ್ಲ.

ಇಂತು, ಚಿಪ್ಪಿನೊಳಗೆ ಅಪ್ಪಣೆಯಿಲ್ಲದೆ ಇಣುಕಿದ,
ತಮ್ಮ ವಿಶ್ವಾಸಿ,
ಹದಿಮೂರನೆಯ ಹುಡುಗಿಯ ತಾಯಿ

ವಿ.ಸೂ.: ತಮ್ಮ ಸ್ಥಾನಕ್ಕೆ ಮುಂದಿನ ಶುಕ್ರವಾರದಿಂದ ಒಂದು ಕೆಂಪು ಮೀನು ಬರಲಿದೆ. ಒಳಗಿರುವುದು ಹೊರಗಿನಿಂದಲೇ ಕಾಣುತ್ತದೆಯಾದ್ದರಿಂದ ಇನ್ನು ಮೋಸಕ್ಕೆ ಆಸ್ಪದವಿಲ್ಲ ಎಂದು ಟೀಚರ್ ನಿಶ್ಚಿಂತೆಯಿಂದಿದ್ದಾರೆ. ಮೀನಿನ ಅಂಗಡಿಯವನ ಪ್ರಕಾರ, ಅದೇ ಬಣ್ಣದ, ಅದೇ ಅಳತೆಯ ಇನ್ನೊಂದೊಂದು ಮೀನನ್ನು ಈಗಾಗಲೇ ನಾಲ್ವರು ತಂದೆಯರು ಹೇಳಿಟ್ಟುಹೋಗಿದ್ದಾರೆ. ನಾಲ್ಕನೆಯವರ ಪ್ಯಾಂಟಿನ ಮೊಣಕಾಲಿನಲ್ಲಿ ಹಳೆಯ ಮಣ್ಣಿನ ಕಲೆಯಿತ್ತಂತೆ.