ಮೂರು ಕೊಟೇಷನ್ನಿನ ಮೋಟರ್

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಆಯುಷ್ಯ ಸವೆಸಿದವನು ನಾನು. ಮೂರು ಕೊಟೇಷನ್ ಇಲ್ಲದೆ ಒಂದು ಗುಂಡುಸೂಜಿಯನ್ನೂ ಗೇಟಿನೊಳಗೆ ಬಿಟ್ಟವನಲ್ಲ! ನಿವೃತ್ತನಾದ ಮೇಲೆ ನಮ್ಮ ಬಡಾವಣೆಯವರು ನನ್ನನ್ನು ಸಂಘದ ಖಜಾಂಚಿ ಮಾಡಿದ್ದೂ ಇದೇ ಕೀರ್ತಿ ಕೇಳಿ. ಹಾಗಾಗಿ ಸೋಮವಾರ ಸಂಘದ ಬೋರ್‌ವೆಲ್ ಮೋಟರ್ ಸುಟ್ಟುಹೋದಾಗ ಎಲ್ಲರೂ ಗಾಬರಿಯಾದರು. ನಾನೊಬ್ಬನೇ ಒಳಗೊಳಗೆ ಹಿಗ್ಗಿದೆ.

ಎದುರುಮನೆಯ ಸರೋಜಮ್ಮ ಓಡಿಬಂದರು. ಇಲ್ಲಿ ಬಡಾವಣೆ ಏಳುವ ಮೊದಲು ರಾಗಿ ಬೆಳೆಯುತ್ತಿದ್ದ ಮನೆತನ ಅವರದು.

"ಸಾರ್, ಭಾನ್ವಾರ ಮಗಳ ಸೀಮಂತ. ಬೀಗ್ರು ಬತ್ತಾವ್ರೆ. ಅಷ್ಟ್ರೊಳ್ಗೆ ನೀರ್ ಬತ್ತದಾ?"

"ಬುಧವಾರವೇ ಬರುತ್ತೆ ಸರೋಜಮ್ಮ. ಈಗ ಕಾಲ ಬದಲಾಗಿದೆ!"

ಕಾಲ ಬದಲಾಗಿದ್ದು ನನ್ನ ಫೋನಿನಲ್ಲಿ. ಅದರಲ್ಲಿ ಏಜೆಂಟ್ ಎಂಬ ಹೊಸ ತಂತ್ರಾಂಶ ಹಾಕಿಕೊಂಡಿದ್ದೆ. ಬೇಕಾದ್ದನ್ನು ಹೇಳಿ ದುಡ್ಡು ತುಂಬಿಟ್ಟರೆ ಸಾಕು. ತಾನೇ ಹುಡುಕಿ, ತಾನೇ ಚೌಕಾಸಿ ಮಾಡಿ, ತಾನೇ ಹಣ ಕಟ್ಟಿ ತರಿಸುತ್ತದೆ. ಎಷ್ಟು ದುಡಿಯಿತೋ ಅಷ್ಟು ಕೂಲಿಯನ್ನು ಅದೇ ದುಡ್ಡಿನಿಂದ ಮುರಿದುಕೊಳ್ಳುತ್ತದೆ. ಮೋಟರಿಗೆಂದು ಸಂಘದ ಹಣವನ್ನೆಲ್ಲ ತುಂಬಿದೆ. ದಿನಕ್ಕೆ ಎಷ್ಟು ಖರ್ಚು ಮಾಡಬಹುದು, ಮಿತಿ ತಿಳಿಸಿ ಎಂದು ಅದು ಕೇಳಿತು.

"ಏನಾದ್ರೂ ಒಂದು ಮಿತಿ ಹಾಕ್ರೀ," ಎಂದಳು ಹೆಂಡತಿ ವಿಮಲಾ.

"ಮಿತಿ ಬೇಕಾಗಿರೋದು ಶಿಸ್ತು ಇಲ್ಲದವರಿಗೆ," ಎಂದು ಆ ಜಾಗ ಖಾಲಿ ಬಿಟ್ಟೆ. ಕೆಳಗೆ ನನ್ನ ಸೂಚನೆ ಬರೆದೆ: "ಯಾವುದೇ ಖರ್ಚನ್ನು, ಅದೆಷ್ಟೇ ಅಲ್ಪವಾಗಿರಲಿ, ಮೂರು ಕೊಟೇಷನ್ ಪಡೆಯದೆ ಮಾಡತಕ್ಕದ್ದಲ್ಲ." ಓದಿ ನನಗೇ ರೋಮಾಂಚನವಾಯಿತು.

ಸ್ವಲ್ಪ ಹೊತ್ತಿಗೆ ಏಜೆಂಟ್ ಕೇಳಿತು: "ಮೋಟರಿನ ದರ ತಿಳಿಸಲು ಅಂಗಡಿಯವರು ತಲಾ ಎರಡು ರೂಪಾಯಿ ಕೇಳುತ್ತಿದ್ದಾರೆ. ಇದನ್ನೂ ಖರ್ಚೆಂದು ಪರಿಗಣಿಸಲೇ?"

ನನ್ನ ಕಣ್ಣು ತುಂಬಿ ಬಂತು. ನನ್ನ ಕೈಕೆಳಗಿನ ಯಾವ ಗುಮಾಸ್ತನೂ ಇಷ್ಟು ವಿನಯದಿಂದ ಕೇಳಿದ್ದಿಲ್ಲ. "ಪರಿಗಣಿಸತಕ್ಕದ್ದು!" ಎಂದೆ.

ಅಲ್ಲಿಗೆ ಕಥೆ ಮುಗಿಯಿತು. ಮೋಟರ್ ಕೊಳ್ಳಲು ಮೂರು ಕೊಟೇಷನ್ ಬೇಕು. ಕೊಟೇಷನ್ ಬೇಕಾದರೆ ಎರಡು ರೂಪಾಯಿ ಕೊಡಬೇಕು. ಆ ಎರಡು ರೂಪಾಯಿ ಕೊಡಲು ಮತ್ತೆ ಮೂರು ಕೊಟೇಷನ್. ಅವಕ್ಕೂ ದುಡ್ಡು, ಆ ದುಡ್ಡಿಗೂ ಕೊಟೇಷನ್! ಪಾಪ, ಏಜೆಂಟ್ ನನ್ನ ಮಾತು ಮೀರದೆ, ಯಾರಿಗೂ ಒಂದು ರೂಪಾಯಿ ಬಿಚ್ಚದೆ ಹುಡುಕುತ್ತಲೇ ಕೂತಿತು. ಹುಡುಕಾಟದ ಕೂಲಿ ಮಾತ್ರ ಸಿಗ್ನಲ್‌ನಲ್ಲಿ ನಿಂತ ಆಟೋದ ಮೀಟರಿನ ಹಾಗೆ ಏರುತ್ತಿತ್ತು. ನಾನೋ, "ಪರಿಶೀಲನೆಯಲ್ಲಿದೆ" ಎಂಬ ಸಂದೇಶ ಬಂದಾಗಲೆಲ್ಲ ಹಳೆಯ ಆಫೀಸು ನೆನೆದು ಆನಂದಪಡುತ್ತಿದ್ದೆ.

ಗುರುವಾರವೂ ನೀರಿಲ್ಲ. "ಬೇಗ ಮಾಡು!" ಎಂದು ಗದರಿದೆ. ಅದು ತಕ್ಷಣ ತನ್ನಂಥವೇ ಒಂದು ಹಿಂಡು ಸಹಾಯಕರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಕೂಲಿ. ನಿಯಮ ಮಾತ್ರ ಎಲ್ಲರಿಗೂ ನನ್ನದೇ!

ಶನಿವಾರ ಬೆಳಿಗ್ಗೆ ವಿಮಲಾ ಫೋನ್ ಕಿತ್ತುಕೊಂಡು ನೋಡಿದಳು.

"ರೀ, ಇಲ್ಲಿ ದುಡ್ಡೇ ಇಲ್ವಲ್ರೀ!"

"ಇರುತ್ತೆ, ಸರಿಯಾಗಿ ನೋಡು. ಯಾವ ಅಂಗಡಿಯವನಿಗೂ ಒಂದು ಪೈಸೆ ಹೋಗಿಲ್ಲ."

"ಅಂಗಡಿಯವನಿಗೆ ಹೋಗಿಲ್ಲ. ಎಲ್ಲಾ ಇದರ ಕೂಲಿಗೇ ಹೋಗಿದೆ!"

ಅಷ್ಟೂ ಮನೆಯವರು ನನ್ನನ್ನು ನಂಬಿ ಕೊಟ್ಟ ಹಣ ಅದು. ಬೀದಿಯಲ್ಲಿ ಯಾರಾದರೂ ನಕ್ಕರೂ ನನ್ನನ್ನು ನೋಡಿಯೇ ನಕ್ಕರು ಅನ್ನಿಸಿ, ಆ ದಿನ ಪೇಪರ್ ತರಲೂ ಬಾಗಿಲು ತೆಗೆಯಲಿಲ್ಲ. ಸೀಮಂತಕ್ಕೆಂದು ವಿಮಲಾ ತನ್ನ ದುಡ್ಡಿನಲ್ಲಿ ಟ್ಯಾಂಕರ್ ತರಿಸಿದಳು. ಫೋನ್ ಮಾಡಿದಳು, ಬಂತು. ಅಷ್ಟೇ!

ಭಾನುವಾರ ಊಟದ ಪಂಕ್ತಿಯಲ್ಲಿ ತಲೆ ಎತ್ತದೆ ಎಲೆ ನೋಡುತ್ತ ಕೂತಿದ್ದೆ. ಹೋಳಿಗೆ ಬಡಿಸುತ್ತ ಬಂದ ಸರೋಜಮ್ಮ ನನ್ನ ಪಕ್ಕದಲ್ಲಿದ್ದ ಬೀಗರಿಗೆ ಹೇಳಿದರು: "ಇವ್ರೇ ನಮ್ ಖಜಾಂಚಿ ಸಾರ್. ಮೋಟ್ರು ತಡ ಆದ್ರೂ ಚಿಂತಿಲ್ಲ, ಒಂದ್ ರೂಪಾಯಿ ಪೋಲು ಮಾಡಾಕಿಲ್ಲ. ದೇವ್ರಂತೋರು."

"ಇಂಥೋರು ನಮ್ ಕಡೆ ಒಬ್ರೂ ಇಲ್ಲ ಸಾರ್!" ಎಂದು ಬೀಗರು ಊಟ ಬಿಟ್ಟು ಕೈಮುಗಿದರು.

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಈ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ನಾನೇ ಬಾಯಿಬಿಟ್ಟೆ. ಖಾಲಿ ಬಿಟ್ಟ ಮಿತಿ, ನನ್ನ ನಿಯಮ, ಕೂಲಿಗೆ ಕರಗಿದ ಹಣ, ಎಲ್ಲ ಹೇಳಿದೆ. "ಪೆನ್ಷನ್ನಿಂದ ತುಂಬಿಕೊಡ್ತೀನಿ ಸರೋಜಮ್ಮ," ಎಂದೆ.

ಬೀಗರು ಮುಗಿದಿದ್ದ ಕೈ ಇಳಿಸಿ ಮತ್ತೆ ಎಲೆಗೆ ಬಾಗಿದರು.

"ಅಂಗಾರೆ ಮೋಟ್ರು?" ಎಂದರು ಸರೋಜಮ್ಮ ಮೆಲ್ಲಗೆ.

"ಇನ್ನೂ... ಕೊಟೇಷನ್ ಹಂತದಲ್ಲಿದೆ."

ಸರೋಜಮ್ಮ ನನ್ನ ಎಲೆಗೆಂದು ಎತ್ತಿದ್ದ ಹೋಳಿಗೆ ಹಾಗೇ ಪಕ್ಕಕ್ಕೆ ಸಾಗಿ ಬೀಗರ ಎಲೆಗೆ ಬಿತ್ತು. ಅವರಿಗೆ ಅದು ಎರಡನೆಯದು. ನಾನು ಅನ್ನ ಹಾಕಿಸಿಕೊಂಡೆ.